ರೇಡಿಯೋ ಪೆಟ್ಟಿಗೆಯಲ್ಲಿ ಓಡುವ ಕಾರು

ಜೇವರ್ಗಿಯ ಬಸ್ ನಿಲ್ದಾಣದಲ್ಲಿ ರಾತ್ರಿ ನಿಂತ ಬಸ್ಸುಗಳ ಕಂಡಕ್ಟರುಗಳು ಇನ್ನೂ ಎದ್ದಿಲ್ಲ. ಎದುರಿನ ಜಹೀರುದ್ದೀನರ ಚಹಾದ ಹೋಟೆಲಿನಲ್ಲಿ ಮಾತ್ರ ಲಾಟೀನು ಉರಿಯುತ್ತಿದೆ. ಆ ಬೆಳಕಿನಲ್ಲಿ ಐವತ್ತರ ಹತ್ತಿರದ ಒಬ್ಬರು ಧೋತರ ಎತ್ತಿ ಕಟ್ಟಿಕೊಂಡು, ತಂಬಿಗೆಯಿಂದ ಶಹಾಬಾದಿ ಕಲ್ಲಿನ ನೆಲಕ್ಕೆ ನೀರು ಚಿಮುಕಿಸುತ್ತಿದ್ದಾರೆ. ಚಪ್ಪಲಿ ಹೊಸ್ತಿಲಾಚೆ ಬಿಟ್ಟು ಹಸಿ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಲ್ಲುತ್ತಾರೆ. ಹೊರಗೆ ಮಣ್ಣಿಗೆ ಬಡಿದ ಎಮ್ಮೆ ಕಟ್ಟುವ ಕಬ್ಬಿಣದ ಗೂಟದಿಂದ ಒಂದು ತಾಮ್ರದ ತಂತಿ ಒಳಗಿನ ಮೇಜಿನವರೆಗೆ ಬಂದಿದೆ. ಅದರ ತುದಿಯನ್ನು ಎರಡೂ ಕೈಯಿಂದ ಹಿಡಿದು, ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ಮೇಜಿನ ಮೇಲಿರುವ ಬೆಳ್ಳಿ ಬಣ್ಣದ ಪುಟ್ಟ ಚೀಲವನ್ನು ಬಿಚ್ಚುತ್ತಾರೆ. ಹಾಲು ಹಾಕಲು ಬಂದ ಮುದುಕ ಇದನ್ನೆಲ್ಲ ನೋಡಿ, ಯಾವ ದೇವರೋ ಏನೋ ಎಂದು ತಾನೂ ಕೈಮುಗಿದು ಹೋಗುತ್ತಾನೆ.

ಪೂಜೆಯೇನಲ್ಲ. ಇವರು ಆಳಂದದ ದೌಲತರಾಯರು, ರೇಡಿಯೋ ರಿಪೇರಿಯವರು. ಮೇಜಿನ ಮೇಲೆ ಸಾಗವಾನಿಯ ದೊಡ್ಡ ರೇಡಿಯೋ ಪೆಟ್ಟಿಗೆಯೊಂದು ಬೆನ್ನು ತೆರೆದುಕೊಂಡು ಕೂತಿದೆ. ಅದರ ಹೊಟ್ಟೆಯೊಳಗೆ ಅವರು ಕಾರ್ ರೇಸ್ ಆಡುವ ಕಂಪ್ಯೂಟರ್ ಒಂದನ್ನು ಕೂಡಿಸುತ್ತಿದ್ದಾರೆ. ನಾಡಿದ್ದು ಯುಗಾದಿ. ಅಷ್ಟರೊಳಗೆ ಈ ಮಶೀನು ಚಾಲೂ ಆದರೆ ಹೋಟೆಲ್ ಉಳಿಯುತ್ತದೆ. ಆಗದಿದ್ದರೆ ಜಾಗದ ಮಾಲೀಕ ಶಿವರಾಯ ಸಾವ್ಕಾರರು ಕೀಲಿ ಇಸಿದುಕೊಂಡು ಗೊಬ್ಬರದ ಅಂಗಡಿಯವರಿಗೆ ಕೊಡಲಿದ್ದಾರೆ. ಸಾವ್ಕಾರರು ಕೆಟ್ಟವರೇನಲ್ಲ, ಗಿರಾಕಿಯಿಲ್ಲದ ಹೋಟೆಲಿನಿಂದ ಬಾಡಿಗೆಗೆ ಕಾದು ಕಾದು ಬೇಸತ್ತವರು.

ಪ್ಲಗ್ಗು ಗೋಡೆಯಿಂದ ಕಿತ್ತು ದೂರ ಬಿದ್ದಿದೆ. ದೌಲತರಾಯರ ಕಟ್ಟಳೆಯೇ ಹಾಗೆ, ಸಾಮಾನು ಮುಟ್ಟುವಾಗ ಬರಿಗಾಲು, ಕರೆಂಟು ಮುಟ್ಟುವಾಗ ಚಪ್ಪಲಿ. “ಎರಡೂ ಅದಲುಬದಲು ಆದ್ರ ಒಂದೋ ಮಶೀನ್ ಹೋಗ್ತದ, ಇಲ್ಲಾ ನಾನ ಹೋಗ್ತೇನಿ” ಎಂದು ನಗುತ್ತಾರೆ. ಬೆರಳುದ್ದದ ಮೆಮೊರಿ ಪಟ್ಟಿಯನ್ನು ಅಂಚಿನಲ್ಲಷ್ಟೇ ಹಿಡಿದು, ಸೀಳಿನಲ್ಲಿಟ್ಟು ಎರಡು ಹೆಬ್ಬೆರಳಿನಿಂದ ಒತ್ತುತ್ತಾರೆ. ಕಟ್ ಎಂದು ಕೂರುತ್ತದೆ. ಒಲೆಯ ಮುಂದೆ ಮಂಡಕ್ಕಿಯ ಸುಸಲಾ ಕಲಸುತ್ತಿದ್ದ ಜಹೀರುದ್ದೀನರ ಹೆಂಡತಿ ಖಾಸೀಂಬಿಯವರು ಆ ಸಪ್ಪಳಕ್ಕೆ ತಲೆಯೆತ್ತಿ ನೋಡಿ, ಮತ್ತೆ ಕೈ ಆಡಿಸುತ್ತಾರೆ. ಈ ಮಶೀನಿನ ಯೋಚನೆ ಅವರದು, ಇದಕ್ಕೆ ಬಿದ್ದ ರೊಕ್ಕವೂ ಅವರದೇ.

ಹೊತ್ತು ಮೂಡುವಷ್ಟರಲ್ಲಿ ಕೂಡಿಸುವ ಕೆಲಸ ಮುಗಿದಿದೆ. ಆದರೆ ಕರೆಂಟಿಲ್ಲ. ಈ ಭಾಗದ ಕರೆಂಟು ಅಳಿಯನಿದ್ದಂತೆ, ಯಾವಾಗ ಬರುತ್ತದೆ ಎಂದು ಕೇಳುವಂತಿಲ್ಲ, ಬಂದಾಗ ಮರ್ಯಾದೆ ಮಾಡಬೇಕು. ದೌಲತರಾಯರು ನೆಲ ಒರೆಸಿ, ಒಂದು ಕಪ್ಪು ಚಹಾ ಹಿಡಿದು ಪೆಟ್ಟಿಗೆಯ ಪಕ್ಕ ಕೂರುತ್ತಾರೆ. ಕಾಯುವ ಹೊತ್ತಿನಲ್ಲಿ ಕೈ ತಾನಾಗಿ ಆ ಹಳೆ ಕಟ್ಟಿಗೆಯನ್ನು ಸವರುತ್ತದೆ. ಯಾಕೆಂದರೆ ಇದು ಯಾರದೋ ಪೆಟ್ಟಿಗೆಯಲ್ಲ. ಇಪ್ಪತ್ತೇಳು ವರ್ಷದ ಹಿಂದೆ ಇದೇ ಹೋಟೆಲಿನಲ್ಲಿ, ಇದೇ ಮೇಜಿನ ಮೇಲೆ, ತಮ್ಮ ಕೈಯಿಂದಲೇ ಕೂಡಿಸಿದ ಮೊದಲ ರೇಡಿಯೋದ ಪೆಟ್ಟಿಗೆ ಇದು.

ದೌಲತರಾಯರ ಊರು ಆಳಂದ ತಾಲ್ಲೂಕಿನ ಮಾದನಹಿಪ್ಪರಗಾ. ಹೆಸರಿನಲ್ಲಿ ದೌಲತ್ತಿದ್ದರೂ ಮನೆಯಲ್ಲಿದ್ದದ್ದು ಖುಷ್ಕಿ ಹೊಲ, ಜೋಳದ ರೊಟ್ಟಿ, ಅವ್ವ ಕುರುಬರಲ್ಲಿ ಹೇಳಿ ನೇಯಿಸಿದ ಕರಿ ಕಂಬಳಿ. ಚಳಿಗಾಲದ ನಸುಕಿನಲ್ಲಿ ಅಣ್ಣತಮ್ಮಂದಿರು ಆ ಒಂದೇ ಕಂಬಳಿಯೊಳಗೆ ಮುದುಡಿಕೊಂಡು, ಅದನ್ನು ಫಕ್ಕನೆ ಎಳೆದು, ಕತ್ತಲಲ್ಲಿ ಚಟಚಟ ಹಾರುವ ನೀಲಿ ಕಿಡಿಗಳನ್ನು ನೋಡುತ್ತಿದ್ದರು. ಆ ಕಾಲಕ್ಕೆ ಅದೇ ಅವರ ಸಿನಿಮಾ. ಅವ್ವ ಬೈಯುತ್ತಿದ್ದಳು, ಕಿಡಿ ಹಾರಿ ಹಾಸಿಗೆ ಸುಟ್ಟೀತು ಎಂದು. ಒಂದು ದಿನವೂ ಸುಡಲಿಲ್ಲ.

ಹದಿನೆಂಟರ ಹರೆಯದಲ್ಲಿ ಅವರು ಸೊಲ್ಲಾಪುರಕ್ಕೆ ಹೋದದ್ದು ಅರಿವೆ ಗಿರಣಿಯಲ್ಲಿ ಕೆಲಸ ಹಿಡಿಯಲು. ಗಿರಣಿಯ ಹಾದಿಯಲ್ಲಿ ಒಂದು ರೇಡಿಯೋ ಅಂಗಡಿ ಇತ್ತು. ಅದರ ಕಟ್ಟೆಯ ಮೇಲೆ ಹಾಡು ಕೇಳುತ್ತ ಕೂತವರು ಗಿರಣಿಯ ಗೇಟನ್ನು ನೋಡಲೇ ಇಲ್ಲ. ಮೂರ್ನಾಲ್ಕು ವರ್ಷ ಆ ಅಂಗಡಿಯ ಕಸ ಹೊಡೆದು, ನೀರು ತಂದು, ಬೆಸುಗೆ ಕಲಿತು, ತಗಡಿನ ಪೆಟ್ಟಿಗೆಯಲ್ಲಿ ಇಕ್ಕಳ-ಸ್ಕ್ರೂಡ್ರೈವರ್ ತುಂಬಿಕೊಂಡು ಆಳಂದಕ್ಕೆ ವಾಪಸಾದರು. ಬಸ್ ನಿಲ್ದಾಣದ ಹತ್ತಿರ ಒಂದು ಬಾಗಿಲಿನ ಅಂಗಡಿ ತೆಗೆದರು. ಅದು ಇವತ್ತಿಗೂ ಒಂದೇ ಬಾಗಿಲಿನದು.

ಆಗ ಕಂಪನಿಯ ದೊಡ್ಡ ರೇಡಿಯೋ ಕೊಳ್ಳುವುದೆಂದರೆ ಎತ್ತು ಕೊಂಡಷ್ಟು ಭಾರ. ಹಾಗಾಗಿ ಜನ ದೌಲತರಾಯರ ಹತ್ತಿರ ಬಂದು ಕೂಡಿಸಿದ ರೇಡಿಯೋ ಕೇಳುತ್ತಿದ್ದರು. ಅವರು ಮೊದಲು ಕೇಳುವುದು ಒಂದೇ ಮಾತು, ಕೈಯಾಗ ಎಷ್ಟದ? ಎರಡನೆಯದು, ಏನು ಕೇಳಾವ್ರು? ಬರೀ ಸುದ್ದಿ ಕೇಳುವ ಗೌಡರಿಗೆ ಒಂದು ಬಗೆ, ಹಾಡು ಕೇಳುವ ಹೋಟೆಲಿಗೆ ಇನ್ನೊಂದು ಬಗೆ. ಅಳೆದು ಸುರಿದು ಸಾಮಾನು ಆರಿಸಿ, ಎಲ್ಲಿ ಖರ್ಚು ಮಾಡಬೇಕೋ ಅಲ್ಲಿ ಮಾಡಿ, ಎಲ್ಲಿ ಹಿಡಿಯಬೇಕೋ ಅಲ್ಲಿ ಹಿಡಿದು ರೇಡಿಯೋ ಕಟ್ಟುತ್ತಿದ್ದರು. “ಪೈಲಾ ಹೊಟ್ಟಿ ನೋಡ್ಬೇಕ್ರಿ, ಆಮ್ಯಾಲ ಅಂಗಿ” ಎಂಬುದು ಅವರು ಅಂದಿನಿಂದ ಹೇಳಿಕೊಂಡು ಬಂದ ಮಾತು.

ಜಹೀರುದ್ದೀನರು ಆಗ ಹೊಸದಾಗಿ ಹೋಟೆಲ್ ಹಾಕಿದ ಉಮೇದಿನ ತರುಣ. ರೊಕ್ಕ ಕಮ್ಮಿ, ಆಸೆ ಜಾಸ್ತಿ. ಎದುರಿನ ಹೋಟೆಲಿನವರ ಹತ್ತಿರ ಇದ್ದದ್ದಕ್ಕಿಂತ ದೊಡ್ಡ ರೇಡಿಯೋ ಬೇಕು, ದೊಡ್ಡ ಆವಾಜು ಬೇಕು ಎಂದು ಹಟ ಹಿಡಿದರು. ದೌಲತರಾಯರು ಉಳಿದುದೆಲ್ಲ ಹಳೆ ಸಾಮಾನಿನಲ್ಲೇ ಹೊಂದಿಸಿ, ರೊಕ್ಕವನ್ನೆಲ್ಲ ಒಂದು ಅಗಲವಾದ ಸ್ಪೀಕರಿಗೆ ಸುರಿದರು. ಪೆಟ್ಟಿಗೆ ಮಾಡಿದ್ದು ಅಫಜಲಪುರದ ಬಡಿಗ ದೊಡ್ಡಪ್ಪ. ಅವನಿಗೆ ಚಿಕ್ಕದು ಮಾಡಿ ಗೊತ್ತೇ ಇರಲಿಲ್ಲ. ರೇಡಿಯೋ ಪೆಟ್ಟಿಗೆ ಹೇಳಿದರೆ ಅಲಮಾರಿಯಷ್ಟು ದೊಡ್ಡದು ಮಾಡಿಟ್ಟ. ವಾಲ್ವುಗಳ ಕಾವು ಹೋಗಲೆಂದು ಬೆನ್ನಿನ ಹಲಗೆಗೆ ಸಾಲಾಗಿ ತೂತು ಕೊರೆದ.

ವಾಲ್ವೆಂದರೆ ಗಾಜಿನ ಬುರುಡೆ, ಕೋಳಿ ಮೊಟ್ಟೆಗಿಂತ ಸೂಕ್ಷ್ಮ. ಸೊಲ್ಲಾಪುರದಿಂದ ಆಳಂದದವರೆಗಿನ ರಸ್ತೆಯಲ್ಲಿ ಮನುಷ್ಯರ ಎಲುಬೇ ಉಳಿಯುವುದು ಕಷ್ಟ, ಗಾಜಿನ ಪಾಡೇನು? ದೌಲತರಾಯರು ಒಂದೊಂದು ವಾಲ್ವನ್ನೂ ಅವ್ವನ ಕಂಬಳಿಯಲ್ಲಿ ಸುತ್ತಿ, ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬರುತ್ತಿದ್ದರು. ಅಷ್ಟು ವರ್ಷಗಳಲ್ಲಿ ಕಂಬಳಿಯೊಳಗೆ ಒಂದು ವಾಲ್ವೂ ಒಡೆಯಲಿಲ್ಲ. ಅವ್ವ ತೀರಿಕೊಂಡ ಮೇಲೂ ಅದು ಅವರ ಹೆಗಲ ಮೇಲೆಯೇ ಉಳಿಯಿತು, ಹಗಲು ಸಾಮಾನಿಗೆ, ರಾತ್ರಿ ಹೊದಿಕೆಗೆ.

ಆ ರೇಡಿಯೋ ಜೇವರ್ಗಿಯಲ್ಲಿ ಮಾಡಿದ ಹೆಸರು ಸಣ್ಣದಲ್ಲ. ಅಂಚೆಯವನು ಲೈಸೆನ್ಸು ನೋಡುವ ನೆಪದಲ್ಲಿ ಬಂದು ಹಾಡು ಕೇಳಿ ಹೋಗುತ್ತಿದ್ದ. ಶಹಾಪುರದ ಬಸ್ಸಿನ ಡ್ರೈವರು ಹಾಡು ಅರ್ಧಕ್ಕಿದ್ದರೆ ಗಾಡಿ ಬಿಡುತ್ತಿರಲಿಲ್ಲ, ಒಳಗೆ ಕೂತವರೂ ಬೈಯುತ್ತಿರಲಿಲ್ಲ, ಯಾಕೆಂದರೆ ಅವರೂ ಕಿಟಕಿಯಿಂದ ಕಿವಿ ಹೊರಗೆ ಹಾಕಿರುತ್ತಿದ್ದರು. ಸಂಜೆ ರೇಡಿಯೋದ ಡಯಲಿನ ಹಿಂದೆ ಹಳದಿ ದೀಪ ಹತ್ತಿತೆಂದರೆ ಹೋಟೆಲಿನಲ್ಲಿ ಕೂರಲು ಜಾಗವಿಲ್ಲ. ಆ ದಿನಗಳ ಮಾತು ತೆಗೆದರೆ ಸಾಕು, ಜಹೀರುದ್ದೀನರ ಕೀಲುನೋವು ಸ್ವಲ್ಪ ಹೊತ್ತು ಎಲ್ಲಿಗೋ ಹೋಗಿಬಿಡುತ್ತದೆ. “ಕಪ್ಪು ತೊಳಿಯಾಕ ಪುರಸತ್ತ ಇರ್ತಿರಲಿಲ್ರಿ. ಮಂದಿ ಕೈಯಾಗಿಂದ ಕಪ್ಪು ಕಸಗೊಂಡು ಮತ್ತೊಬ್ಬರಿಗಿ ಕೊಡ್ತಿದ್ದೆ” ಎನ್ನುತ್ತಾರೆ.

ಆಮೇಲೆ ಅಂಗೈಯಗಲದ ಟ್ರಾನ್ಸಿಸ್ಟರ್ ಬಂತು, ಟೇಪ್ ರೆಕಾರ್ಡರ್ ಬಂತು, ಟಿ.ವಿ. ಬಂತು. ದೌಲತರಾಯರು ಬಂದದ್ದನ್ನೆಲ್ಲ ಬಿಚ್ಚಿ ಕಲಿತರು. ಮಾಳಿಗೆಗಳ ಮೇಲೆ ಹತ್ತಿ ಆಂಟೆನಾ ತಿರುಗಿಸಿದರು. ಆದರೆ ವಾಲ್ವು ಸಿಗುವುದು ನಿಂತಿತು. ಏಳೆಂಟು ವರ್ಷದ ಹಿಂದೆ ಜಹೀರುದ್ದೀನರ ರೇಡಿಯೋದ ಒಂದು ವಾಲ್ವು ಹೋಯಿತು, ಅದರ ಜೋಡಿ ಸೊಲ್ಲಾಪುರದಲ್ಲೂ ಇರಲಿಲ್ಲ, ಹೈದರಾಬಾದಿನಲ್ಲೂ ಇರಲಿಲ್ಲ. ರೇಡಿಯೋ ಮೂಕಾಯಿತು. ಸಾಲಿನಲ್ಲಿ ಹೊಸ ಹೋಟೆಲುಗಳು ಬಂದವು, ಫ್ಯಾನು ಬಂತು, ಗಿರಾಕಿ ಆ ಕಡೆ ಸರಿದರು. ಕ್ರಿಕೆಟ್ ತೋರಿಸಲೆಂದು ತಂದ ಕಲರ್ ಟಿ.ವಿ.ಗೂ ಜನ ನಿಲ್ಲಲಿಲ್ಲ, ಮನೆಮನೆಯಲ್ಲಿ ಟಿ.ವಿ. ಇತ್ತಲ್ಲ. ಜಹೀರುದ್ದೀನರು ಮಾತ್ರ ಪ್ರತಿ ಸಂಜೆ ಆ ಮೂಕ ರೇಡಿಯೋದ ಡಯಲಿನ ದೀಪ ಹಚ್ಚುವುದನ್ನು ಬಿಡಲಿಲ್ಲ. ಹಾಡಿಲ್ಲದಿದ್ದರೇನು, ಬೆಳಕಾದರೂ ಇರಲಿ ಎಂದು.

ಇಂಥದ್ದರಲ್ಲಿ ಖಾಸೀಂಬಿಯವರು ತಂಗಿಯ ಮನೆಗೆಂದು ಗುಲಬರ್ಗಾಕ್ಕೆ ಹೋದಾಗ ಒಂದು ಅಂಗಡಿಯ ಮುಂದೆ ಗದ್ದಲ ನೋಡಿದರು. ಒಳಗೆ ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ, ಹೊರಗೆ ತಮ್ಮ ಪಾಳಿಗಾಗಿ ಕಾಯುವ ಶಾಲೆಯ ಹುಡುಗರು, ಅವರಿಗಾಗಿ ಕಾಯುವ ಭಜಿಯ ಬಂಡಿ. ಖಾಸೀಂಬಿಯವರ ಕಣ್ಣು ಕಾರಿನ ಮೇಲಿರಲಿಲ್ಲ, ಭಜಿಯ ಬಂಡಿಯ ಮೇಲಿತ್ತು. ಒಂದು ಕಾಲದಲ್ಲಿ ತಮ್ಮ ಹೋಟೆಲಿನ ಮುಂದೆ ನಿಲ್ಲುತ್ತಿದ್ದ ಮಂದಿ ಇದೇ ಮಂದಿ ಅನ್ನಿಸಿತಂತೆ. ಓಣಿಯ ಹೆಂಗಸರೆಲ್ಲ ಸೇರಿ ಹಾಕುವ ಬೀಸಿ ಚೀಟಿಯಲ್ಲಿ ತಮ್ಮ ಪಾಳಿಯ ರೊಕ್ಕ ಎತ್ತಿ, ಕಂಪ್ಯೂಟರ್ ಅಂಗಡಿಗೆ ಹೋಗಿ ಕೇಳಿದರೆ ಅವರು ಹೇಳಿದ್ದು ಅದರ ದುಪ್ಪಟ್ಟು. ಆಗ ನೆನಪಾದದ್ದು ಆಳಂದದ ಒಂದು ಬಾಗಿಲಿನ ಅಂಗಡಿ.

ದೌಲತರಾಯರಿಗೆ ಅಷ್ಟೊತ್ತಿಗೆ ಕಂಪ್ಯೂಟರಿನ ಪರಿಚಯವಾಗಿತ್ತು. ದಾಲ್ ಮಿಲ್ಲಿನವರೊಬ್ಬರು ಇಲಿ ಸೇರಿಕೊಂಡ ಕಂಪ್ಯೂಟರನ್ನು ಅವರ ಮುಂದೆ ತಂದಿಟ್ಟಿದ್ದರು. ಹೆದರುತ್ತಲೇ ಬಿಚ್ಚಿದರು. ಒಳಗೆ ನೋಡಿದರೆ ಬೆಸುಗೆಯ ಕೆಲಸವೇ ಇಲ್ಲ, ಹಲಗೆಗೆ ಹಲಗೆ ಸಿಕ್ಕಿಸಿದ್ದಷ್ಟೇ. ಇಲಿಯನ್ನು ಓಡಿಸಿ, ತಂತಿ ಬದಲಿಸಿ ಕಳಿಸಿದರು. ಆ ಮೇಲೆ ಆಳಂದ, ಅಫಜಲಪುರದ ಕಡೆಯ ಅಂಗಡಿಗಳಿಗೆ ಲೆಕ್ಕಪತ್ರದ ಕಂಪ್ಯೂಟರುಗಳನ್ನೂ ಜೋಡಿಸಿಕೊಟ್ಟರು, ಗುಲಬರ್ಗಾದ ಒಬ್ಬ ಕಂಪ್ಯೂಟರ್ ಅಂಗಡಿಯವನು ಸಾಮಾನು ತಂದುಕೊಡುತ್ತಿದ್ದ. ಆಟದ ಕಂಪ್ಯೂಟರ್ ಮಾತ್ರ ಗೊತ್ತಿರಲಿಲ್ಲ. ಆದರೂ ಖಾಸೀಂಬಿಯವರನ್ನು ಕೇಳಿದ್ದು ಅವೇ ಎರಡು ಮಾತು, ಕೈಯಾಗ ಎಷ್ಟದ ಭಾಭಿ, ಏನು ಆಡಾವ್ರು?

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎನ್ನುತ್ತಾರೆ. ಇಲ್ಲಿ ಹಾಸಿಗೆ ಗಿಡ್ಡ, ಕಾಲು ಉದ್ದ. ದೌಲತರಾಯರು ಗುಲಬರ್ಗಾದ ಆ ಆಟದ ಅಂಗಡಿಗೆ ಹೋಗಿ ಮಕ್ಕಳ ಬೆನ್ನಹಿಂದೆ ದಿನಗಟ್ಟಲೆ ನಿಂತರು. ಧೋತರ, ಗಾಂಧಿ ಟೊಪ್ಪಿಗೆಯ ಈ ಮನುಷ್ಯ ಯಾರ ಮಗನನ್ನೋ ಹಿಡಿದೊಯ್ಯಲು ಬಂದಿದ್ದಾನೆಂದು ಹುಡುಗರು ಮೊದಮೊದಲು ಅಂಜಿದರಂತೆ. ಕಾರು ತಿರುವಿನಲ್ಲಿ ಮಂಡಿಯೂರಿದ ಎತ್ತಿನ ಹಾಗೆ ಯಾಕೆ ನಿಲ್ಲುತ್ತದೆ, ಎಲ್ಲಿ ನಿಲ್ಲುವುದಿಲ್ಲ ಎಂದು ನೋಡುತ್ತ, ಮಾಲೀಕನನ್ನು ಕೇಳುತ್ತ ಅವರಿಗೆ ಹೊಳೆದದ್ದು ಇಷ್ಟು. ಆಟಕ್ಕೆ ಬೇಕಾದದ್ದು ಚಿತ್ರ ಬಿಡಿಸುವ ಕಾರ್ಡು ಮತ್ತು ಧಾರಾಳ ಮೆಮೊರಿ, ಇವೆರಡರಲ್ಲಿ ಕೈ ಹಿಡಿಯಬಾರದು. ಪ್ರೊಸೆಸರ್ ನಡುತರದ್ದು ಸಾಕು. ಹಾರ್ಡ್ ಡಿಸ್ಕ್ ಚಿಕ್ಕದು, ಬೋರ್ಡು ಬಳಸಿದ್ದು ನಡೆಯುತ್ತದೆ. ಕ್ಯಾಬಿನೆಟ್ಟು, ಮಾನಿಟರು ಕೊನೆಗೆ, ಮಿಕ್ಕ ರೊಕ್ಕದಲ್ಲಿ. ಪೈಲಾ ಹೊಟ್ಟೆ, ಆಮೇಲೆ ಅಂಗಿ.

ಸಂಕ್ರಾಂತಿ ಮುಗಿದ ಮೇಲೆ, ಸಾಮಾನು ಅಗ್ಗಕ್ಕೆ ಸಿಗುತ್ತದೆಂದು ಪುಣೆಗೆ ಹೋದರು. ಪೇಟೆಯ ಗಲ್ಲಿಗಳನ್ನೆಲ್ಲ ತಿರುಗಿ, ತೋರಿಸಿದ್ದಕ್ಕೆಲ್ಲ ತಲೆಯಾಡಿಸದೆ, ತಮಗೆ ಬೇಕಾದದ್ದನ್ನಷ್ಟೇ ಆರಿಸಿದರು. ಅಂಗಡಿಯವನು ಮೆಮೊರಿಯನ್ನೂ ಕಾರ್ಡನ್ನೂ ಬೆಳ್ಳಿ ಬಣ್ಣದ ತೆಳ್ಳನೆಯ ಚೀಲದಲ್ಲಿ ಹಾಕಿಕೊಟ್ಟ. ಇಷ್ಟು ಬೆಲೆಯ ಸಾಮಾನಿಗೆ ಇಂಥ ಬಡಕಲು ಚೀಲವೇ ಎಂದು ದೌಲತರಾಯರಿಗೆ ಕೆಡುಕೆನಿಸಿತು. ಉಮರ್ಗಾದಲ್ಲಿ ಬಸ್ಸಿಳಿದು, ಖಜೂರಿಯ ಮೇಲೆ ಹಾದು ಆಳಂದಕ್ಕೆ ಬರುವ ಲಾರಿ ಹತ್ತಿದರು. ಲಾರಿ ಕುಣಿಯತೊಡಗಿದಾಗ ಆ ಚೀಲಗಳನ್ನು ತೆಗೆದುಹಾಕಿ, ಸಾಮಾನನ್ನು ಅವ್ವನ ಕಂಬಳಿಯಲ್ಲಿ ಮಡಿಕೆ ಮಡಿಕೆಯಾಗಿ ಸುತ್ತಿ ತೊಡೆಯ ಮೇಲಿಟ್ಟುಕೊಂಡರು. ಹೊರಗೆ ತುಟಿ ಒಡೆಯುವಂಥ ಒಣಥಂಡಿ. ಖಜೂರಿಯ ಗಡಿ ನಾಕಾದಲ್ಲಿ ಸಿಪಾಯಿ ಟಾರ್ಚು ಬಿಟ್ಟು, ಇದೇನು ಎಂದು ಕೇಳಿದ್ದಕ್ಕೆ, ಕಂಬಳಿಯನ್ನು ಇನ್ನೊಂದು ಸುತ್ತು ಬಿಗಿದು, ಕೂಸು ಅಂದರಂತೆ. ಮನೆಗೆ ಬಂದು ಆ ಬೆಳ್ಳಿ ಚೀಲಗಳನ್ನು ಹೆಂಡತಿ ಮಲ್ಕಮ್ಮನವರಿಗೆ ಕೊಟ್ಟರು. ಅವರು ಸಾಸಿವೆ ತುಂಬಿಟ್ಟರು.

ಮಶೀನು ಏಳಲಿಲ್ಲ. ಉದ್ದಕ್ಕೆ ಪೀಂ ಪೀಂ ಎಂದು ಅತ್ತಿತು, ಅಷ್ಟೇ. ಗುಲಬರ್ಗಾದ ಆ ಕಂಪ್ಯೂಟರ್ ಅಂಗಡಿಯವನ ಹತ್ತಿರ ಒಯ್ದು ಒಂದೊಂದನ್ನೇ ಬದಲಿಸಿ ನೋಡಿದಾಗ ಮೆಮೊರಿಯೂ ಸತ್ತಿತ್ತು, ಚಿತ್ರದ ಕಾರ್ಡೂ ಸತ್ತಿತ್ತು. ಅವನು ಕೇಳಿದ, ಹೇಗೆ ತಂದಿರಿ? ದೌಲತರಾಯರು ಅಭಿಮಾನದಿಂದಲೇ ಹೇಳಿದರು, ಕಂಬಳ್ಯಾಗ. ಅವನು ಬಾಚಣಿಗೆಯನ್ನು ತಲೆಗೂದಲಿಗೆ ತಿಕ್ಕಿ, ಚೂರು ಕಾಗದದ ಮೇಲೆ ಹಿಡಿದ. ಕಾಗದ ಎದ್ದು ಬಾಚಣಿಗೆಗೆ ಅಂಟಿಕೊಂಡಿತು. ಉಣ್ಣೆಯಲ್ಲಿ ಇದರ ಎಷ್ಟೋ ಪಟ್ಟು ಇರುತ್ತದೆ, ಚಿಪ್ಪಿಗೆ ಒಂದು ಕಿಡಿ ಸಾಕು ಎಂದ. ಆ ಬೆಳ್ಳಿ ಚೀಲ ಇದ್ದದ್ದೇ ಅದನ್ನು ತಡೆಯಲಿಕ್ಕೆ. ಈಗಿನ ಹಸಿ ನೆಲ, ಬರಿಗಾಲು, ಗೂಟದ ತಂತಿಯೆಲ್ಲ ಮೈಯಲ್ಲಿನ ಕಿಡಿ ಮಣ್ಣಿಗಿಳಿಯಲೆಂದೇ.

“ಅಲ್ಲೇ ಕುಂತಬಿಟ್ಟೆ ನೋಡ್ರಿ” ಎನ್ನುತ್ತಾರೆ ದೌಲತರಾಯರು, ಚಹಾದ ಕಪ್ಪನ್ನು ಕೆಳಗಿಟ್ಟು. “ಆ ಕಿಡಿ ನನಗ ಗೊತ್ತಿತ್ತಲ್ರಿ. ಸಣ್ಣಾಂವ ಇದ್ದಾಗಿಂದ ಗೊತ್ತಿತ್ತು. ಅವ್ವನ ಕಂಬಳ್ಯಾಗ ಆಟ ಆಡಿದ ಕಿಡೀನೇ ಆ ಭಾಭಿ ರೊಕ್ಕ ನುಂಗ್ತು.” ಆ ರಾತ್ರಿಯೇ ಅವರು ಕಂಬಳಿಯನ್ನು ಮಡಚಿ ಅಟ್ಟಕ್ಕೆಸೆದರು. ಮಾಗಿಯ ಚಳಿಯಲ್ಲಿ ಹೆಂಡತಿಯ ಹಳೆ ಸೀರೆ ಹೊದ್ದು ನಡುಗುತ್ತ ಮಲಗಿದರು. ಮಲ್ಕಮ್ಮನವರು ಎರಡು ಸಲ ಕಂಬಳಿ ಇಳಿಸಿ ತಂದರೂ ಮುಟ್ಟಲಿಲ್ಲ.

ಜೇವರ್ಗಿಗೆ ಬಂದು ಹೇಳುವುದು ಅದಕ್ಕಿಂತ ಕಷ್ಟದ್ದಾಗಿತ್ತು. ಬಸ್ಸಿಳಿದವರು ಹೋಟೆಲಿನ ಸುತ್ತ ಎರಡು ಸುತ್ತು ಹಾಕಿ ಒಳಗೆ ಬಂದರು. ಖಾಸೀಂಬಿಯವರು ಚಹಾ ಕುದಿಸುತ್ತಿದ್ದರು. ತಪ್ಪು ತನ್ನದು, ಸಾಮಾನು ಸತ್ತಿವೆ, ಹೊರೆ ತಾನೇ ಹೊರುತ್ತೇನೆ, ಅಂಗಡಿ ಮಾರಿಯಾದರೂ ಸರಿ ಎಂದರು. ಖಾಸೀಂಬಿಯವರು ಚಹಾ ಸೋಸಿ ಒಂದು ಕಪ್ಪು ಅವರ ಮುಂದೆ ಸರಿಸಿದರು.

“ನೀವು ಅಂಗಡಿ ಮಾರಿದ್ರ ಮಶೀನ್ ಯಾರು ಕೂಡಿಸ್ತಾರ ಭಾಯಿ?” ಎಂದರು. “ಸತ್ತದ್ದು ಎದ್ದು ಬರಂಗಿಲ್ಲ. ಉಳಿದದ್ದು ಏನದ, ಅದು ಹೇಳ್ರಿ.”

ಉಳಿದದ್ದು ಮಾನಿಟರಿಗೂ ಕ್ಯಾಬಿನೆಟ್ಟಿಗೂ ತೆಗೆದಿಟ್ಟ ರೊಕ್ಕ. ಅದರಲ್ಲಿ ಮತ್ತೆ ಮೆಮೊರಿ, ಕಾರ್ಡು ಕೊಂಡರೆ ಚಿತ್ರ ಕಾಣಿಸಲು ಪರದೆಯಿಲ್ಲ, ಸಾಮಾನು ಇಡಲು ಪೆಟ್ಟಿಗೆಯಿಲ್ಲ. ಪರದೆಗೆ ದೌಲತರಾಯರೇ ದಾರಿ ಕಂಡರು. ಟಿ.ವಿ.ಗೆ ತಂತಿ ಎಳೆಯಲು ಬರುವಂಥ ಕಾರ್ಡು ಆರಿಸಿದರೆ ಹೋಟೆಲಿನ ಕಲರ್ ಟಿ.ವಿ.ಯೇ ಸಾಕು. ಅಕ್ಷರ ಮಬ್ಬಾದರೂ ಕಾರು ನಿಚ್ಚಳ ಕಾಣುತ್ತದೆ. ಪೆಟ್ಟಿಗೆಗೆ ಏನು ಮಾಡುವುದು? ಖಾಸೀಂಬಿಯವರ ಕಣ್ಣು ಮೂಲೆಯ ರೇಡಿಯೋದ ಮೇಲೆ ಹೋಗಿ ನಿಂತಿತು. ಅದನ್ನು ಕಂಡ ಜಹೀರುದ್ದೀನರು ಎದ್ದು, ಕೋಲೂರಿಕೊಂಡು ಹೊರಗೆ ಹೋಗಿಬಿಟ್ಟರು.

ಮಧ್ಯಾಹ್ನವೆಲ್ಲ ಅವರು ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತಿದ್ದರಂತೆ. ಸಂಜೆಯ ನಮಾಜು ಮುಗಿಸಿ ಬಂದವರು ಹೆಗಲ ಮೇಲಿನ ಟವೆಲಿನಿಂದ ರೇಡಿಯೋದ ಮೇಲಿನ ಧೂಳನ್ನು ತಾವೇ ಒರೆಸಿದರು. ದೌಲತರಾಯರ ಮುಖ ನೋಡದೆ ಒಂದೇ ಮಾತು ಹೇಳಿದರು. “ಒಳಗಿಂದು ಏನರೆ ತಗೀರಿ. ಡಯಲ್ ದಿವಾ ಮಾತ್ರ ಆರಸಬ್ಯಾಡ್ರಿ.”

ಬೆನ್ನಿನ ಹಲಗೆ ಬಿಚ್ಚಿದ ದಿನ ದೌಲತರಾಯರಿಗೆ ಕೈ ಬರಲಿಲ್ಲ. ಒಳಗೆ ತಮ್ಮದೇ ಹರೆಯದ ಬೆಸುಗೆಗಳು, ಒಂದೂ ಸಡಿಲಾಗಿಲ್ಲ. ಒಂದು ವಾಲ್ವು ಸಿಕ್ಕಿದ್ದರೆ ಈಗಲೂ ಹಾಡುತ್ತಿತ್ತು. ಅದನ್ನು ಕಿತ್ತು ಹೊರಗಿಡುವಾಗ ಕಣ್ಣು ತುಂಬಿತು ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಸ್ಪೀಕರನ್ನು ಮಾತ್ರ ಮುಟ್ಟಲಿಲ್ಲ. ಹಳೆ ಟೇಪ್ ರೆಕಾರ್ಡರಿನ ಆಂಪ್ಲಿಫೈಯರ್ ಕಟ್ಟಿ, ಕಂಪ್ಯೂಟರಿನ ಸದ್ದು ಅದರಿಂದಲೇ ಬರುವಂತೆ ಮಾಡಿದರು. ಬಡಿಗ ದೊಡ್ಡಪ್ಪ ಕೊರೆದ ತೂತುಗಳು ಈ ಬೇಸಿಗೆಗೆ ವರವಾದವು, ಒಂದು ಚಿಕ್ಕ ಫ್ಯಾನು ಇಟ್ಟರೆ ಕಾವೆಲ್ಲ ಹೊರಗೆ. ಎರಡನೇ ಸಲ ಪುಣೆಯಿಂದ ತಂದ ಸಾಮಾನು ಬೆಳ್ಳಿ ಚೀಲದೊಳಗೇ, ಅದರ ಮೇಲೊಂದು ರಟ್ಟಿನ ಡಬ್ಬಿಯೊಳಗೆ ಬಂತು. ಖಜೂರಿಯ ಸಿಪಾಯಿ ಗುರುತು ಹಿಡಿದು, ಈ ಸಲ ಕೂಸು ತಂದಿಲ್ಲವೇ ಎಂದು ಚೇಷ್ಟೆ ಮಾಡಿದ. ದೌಲತರಾಯರಿಗೆ ನಗು ಬರಲಿಲ್ಲ.

ಬಿಸಿಲೇರಿದೆ. ಹೋಟೆಲಿನ ಮುಂದೆ ಅಫಜಲಪುರದ ಬಸ್ಸು ಬಂದು ನಿಂತು ಹೋಗಿದೆ. ಶಿವರಾಯ ಸಾವ್ಕಾರರು ಬಿಳಿ ಅಂಗಿಯಲ್ಲಿ ಬಂದು ಬೆಂಚಿನ ಮೇಲೆ ಕೂರುತ್ತಾರೆ, ಚಹಾ ಬೇಡವೆನ್ನುತ್ತಾರೆ. ಮಶೀನು ಎಲ್ಲಿಗೆ ಬಂತು ಎಂದು ಕೇಳುತ್ತಾರೆ. ಕರೆಂಟಿಲ್ಲ ಎಂದರೆ, ಇವತ್ತು ಕರೆಂಟಿಲ್ಲ, ನಾಳೆ ಇನ್ನೊಂದಿಲ್ಲ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡುತ್ತಾರೆ. ಗೊಬ್ಬರದ ಅಂಗಡಿಯವರು ನಾಳೆ ಬರುವವರಿದ್ದಾರಂತೆ. ಜಹೀರುದ್ದೀನರು ಕೀಲಿಗೊಂಚಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸುತ್ತ ಕೂತಿದ್ದಾರೆ.

ಆಗ ಗೋಡೆಯ ಬಲ್ಬು ಮಿಣುಕುತ್ತದೆ.

ದೌಲತರಾಯರು ಗಡಬಡಿಸುವುದಿಲ್ಲ. ನೆಲ ಒಣಗಿದೆಯೇ ಎಂದು ಅಂಗೈಯಿಂದ ಮುಟ್ಟಿ ನೋಡುತ್ತಾರೆ. ಚಪ್ಪಲಿ ಮೆಟ್ಟುತ್ತಾರೆ. ಪ್ಲಗ್ಗು ಸಿಕ್ಕಿಸಿ, ಬೆರಳನ್ನು ಸ್ವಿಚ್ಚಿನ ಮೇಲಿಟ್ಟು ಖಾಸೀಂಬಿಯವರ ಕಡೆ ನೋಡುತ್ತಾರೆ. ಅವರು ಸೆರಗು ತಲೆಯ ಮೇಲೆ ಎಳೆದುಕೊಂಡು ಹೂಂ ಎನ್ನುತ್ತಾರೆ.

ಮೊದಲು ಹತ್ತುವುದು ಡಯಲಿನ ಹಳದಿ ದೀಪ. ಬೆನ್ನಿನಲ್ಲಿ ಫ್ಯಾನು ಗುಂಯ್ಗುಡುತ್ತದೆ. ಆಮೇಲೆ ಏನೂ ಇಲ್ಲ. ದೌಲತರಾಯರು ಕಣ್ಣುಮುಚ್ಚಿ ಕಿವಿಯೊಂದೇ ಆಗಿ ಕೂತಿದ್ದಾರೆ. ಉದ್ದಕ್ಕೆ ಅತ್ತರೆ ಮುಗಿಯಿತು, ಚುಟುಕಾಗಿ ಒಂದು ಸಲ ಕೂಗಿದರೆ ಬದುಕಿದೆ ಎಂದರ್ಥ. ಪೆಟ್ಟಿಗೆ ಚುಟುಕಾಗಿ ಒಂದೇ ಸಲ ಪೀಂ ಎನ್ನುತ್ತದೆ.

“ಎದ್ದದ ಭಾಭಿ” ಎನ್ನುತ್ತಾರೆ ಅವರು.

ಟಿ.ವಿ.ಯಲ್ಲಿ ಕೆಂಪು ಕಾರು ಬಂದು ನಿಲ್ಲುತ್ತದೆ. ಸಾಗವಾನಿ ಪೆಟ್ಟಿಗೆಯ ಆ ಅಗಲ ಸ್ಪೀಕರಿನಿಂದ ಇಂಜಿನ್ನಿನ ಗುಡುಗು ಹೊರಡುತ್ತದೆ, ಕಪಾಟಿನ ಕಪ್ಪು-ಬಸಿಗಳು ಕಣಕಣ ಎನ್ನುತ್ತವೆ. ಗುಲಬರ್ಗಾದ ಆಟದ ಅಂಗಡಿಯಲ್ಲಿ ಈ ಸದ್ದು ಇಲ್ಲ, ಅಲ್ಲಿಯದು ಸೊಳ್ಳೆಯ ರಾಗ. ಶಹಾಪುರದ ಬಸ್ಸಿನ ಡ್ರೈವರು ಯಾವ ಗಾಡಿ ಚಾಲೂ ಆಯಿತೆಂದು ಇಳಿದು ಬರುತ್ತಾನೆ. ಅವನ ಹಿಂದೆ ಕಂಡಕ್ಟರು, ಅವನ ಹಿಂದೆ ಚೀಲ ಹೊತ್ತ ಪ್ರಯಾಣಿಕರು. ಜಹೀರುದ್ದೀನರು ಮಾತ್ರ ಪರದೆಯ ಕಡೆ ನೋಡುತ್ತಿಲ್ಲ. ಪೆಟ್ಟಿಗೆಯ ಮೇಲೆ ಅಂಗೈ ಊರಿ, ಅದರ ಕಂಪನವನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಾರೆ.

“ಆವಾಜ್ ಅದೇ ಅದ” ಎನ್ನುತ್ತಾರೆ.

ಮೊದಲ ಆಟ ನಿಮ್ಮದೇ ಎಂದು ಖಾಸೀಂಬಿಯವರು ಗಂಡನನ್ನು ಕೂರಿಸುತ್ತಾರೆ. ಬಾಗದ ಬೆರಳುಗಳಿಂದ ಅವರು ಗುಂಡಿ ಒತ್ತುತ್ತಲೇ ಕಾರು ನೆಟ್ಟಗೆ ಹೋಗಿ ಗೋಡೆಗೆ ಬಡಿಯುತ್ತದೆ. ಬ್ರೇಕು ಹಿಡಿಯಬೇಕಿತ್ತೆಂದು ಡ್ರೈವರು ಬೈಯುತ್ತಾನೆ, ತಾನೇ ಕೂರುತ್ತಾನೆ, ತಾನೂ ಗೋಡೆಗೆ ಬಡಿಯುತ್ತಾನೆ. ಹೋಟೆಲೆಲ್ಲ ನಗು. ಅಷ್ಟರಲ್ಲಿ ಚಹಾ ಬೇಕೆಂದವರ ಕೈಗಳು ಖಾಸೀಂಬಿಯವರ ಮುಂದೆ ಚಾಚಿಕೊಂಡಿವೆ, ಕಪ್ಪುಗಳು ಸಾಲುತ್ತಿಲ್ಲ. ಶಹಾಪುರದ ಬಸ್ಸು ಹೊರಗೆ ಬಿಸಿಲಲ್ಲಿ ನಿಂತೇ ಇದೆ.

ಶಿವರಾಯ ಸಾವ್ಕಾರರು ಇದನ್ನೆಲ್ಲ ನೋಡಿ ಎದ್ದು ನಿಲ್ಲುತ್ತಾರೆ. ಜಹೀರುದ್ದೀನರು ಕೀಲಿಗೊಂಚಲು ಹಿಡಿದ ಕೈಯನ್ನು ತಾವಾಗಿಯೇ ಮುಂದೆ ಚಾಚುತ್ತಾರೆ. ಸಾವ್ಕಾರರು ಅದನ್ನು ಮೆಲ್ಲಗೆ ಹಿಂದಕ್ಕೆ ಸರಿಸುತ್ತಾರೆ.

“ಇಟ್ಕೋರಿ. ಸಾಲಿ ಸೂಟಿ ಮುಗಿಯಾತನ ನಾ ಯಾರಿಗೂ ಮಾತು ಕೊಡಂಗಿಲ್ಲ” ಎಂದು ಮತ್ತೆ ಕೂರುತ್ತಾರೆ. “ಒಂದು ಚಹಾ ಕೊಡ್ರಿ.”

ದೌಲತರಾಯರು ಯಾರ ಗಮನಕ್ಕೂ ಬಾರದಂತೆ ಹೊರಗೆ ಬಂದು, ಮಣ್ಣಿನಿಂದ ಎಮ್ಮೆಯ ಗೂಟ ಕೀಳುತ್ತಿದ್ದಾರೆ. ಮುಂದಿನ ವಾರ ಅಫಜಲಪುರದಲ್ಲಿ ಒಂದು ಮಶೀನು ಕೂಡಿಸುವುದಿದೆ, ಇದು ಅಲ್ಲಿಗೂ ಬೇಕು. ದುಡಿಮೆಗೆ ಏನು ತೆಗೆದುಕೊಂಡಿರಿ ಎಂದರೆ, ಬಿಚ್ಚಿ ತೆಗೆದ ರೇಡಿಯೋದ ಒಳಭಾಗವನ್ನು ಚೀಲದಲ್ಲಿ ತೋರಿಸುತ್ತಾರೆ. ಬೇರೆ ಏನಾದರೂ ಆಸೆ ಉಂಟೇ ಎಂದು ಕೇಳಿದರೆ ಗೂಟದ ಮಣ್ಣು ಕೊಡವುತ್ತಾರೆ. ಫಾಲ್ಗುಣದ ಬಿಸಿಲು ನೆತ್ತಿ ಸುಡುತ್ತಿದೆ, ಅಂಗಿ ಬೆನ್ನಿಗೆ ಅಂಟಿದೆ.

“ಇವತ್ತು ಮನಿಗಿ ಹೋಗಿ ಆ ಕಂಬಳಿ ಅಟ್ಟದಿಂದ ಇಳಸ್ತೇನ್ರಿ. ಅದರದೇನು ತಪ್ಪದ? ಬಿಸಿಲಿಗಿ ಹಾಕಿ ಝಾಡಿಸಿ ಇಡ್ತೇನಿ. ಬರೂ ಥಂಡ್ಯಾಗ ಮತ್ತ ಹೊತ್ಕೊಂಡು ಮಲಗಬೇಕು, ನಸೀಕಿನ್ಯಾಗ ಒಮ್ಮೆ ಎಳದು ಕಿಡಿ ನೋಡಬೇಕು. ಅಷ್ಟ.”